ಕೆಮ್ಮುಕಟ್ಟೆಯ ದೊಡ್ಡಮ್ಮ

ನಮ್ಮ ಓಣಿಗೆ ಬೆಳಗಾಗುತ್ತಿದ್ದದ್ದು ಕೆಮ್ಮಿನಿಂದ. ಗಿರಣಿಯ ಮೊದಲ ಸೈರನ್ ಕೂಗುವುದಕ್ಕೆ ಸ್ವಲ್ಪ ಮುಂಚೆ ಓಣಿಯ ಗಂಡಸರು, ಹೆಂಗಸರು ಎಲ್ಲ ತಿರುವಿನ ನಲ್ಲಿಯ ಪಕ್ಕದ ಮೋಟುಗೋಡೆಯ ಹತ್ತಿರ ಸೇರಿ, ಗೋಡೆಗೆ ಕೈ ಊರಿ, ಬಗ್ಗಿ, ಎದೆಯಲ್ಲಿ ಇದ್ದಬದ್ದದ್ದನ್ನೆಲ್ಲ ಕೆಮ್ಮಿ ಹೊರಗೆ ಹಾಕುತ್ತಿದ್ದರು. ಆ ಗೋಡೆಗೆ ಕೆಮ್ಮುಕಟ್ಟೆ ಅಂತಲೇ ಹೆಸರು. ಮುಸುಕು ಹೊದ್ದು ಮಲಗಿದ್ದ ನಾನು ಕಣ್ಣು ಬಿಡದೆಯೇ ಯಾರು ಯಾರು ಕೆಲಸಕ್ಕೆ ಹೊರಟರು ಅಂತ ಹೇಳಿಬಿಡುತ್ತಿದ್ದೆ. ಮಹಡಿ ಮನೆಯ ಬಣ್ಣದ ಕೆಲಸದವನದು ಬಾಗಿಲು ಬಡಿದ ಹಾಗೆ ಒಣ ಕೆಮ್ಮು. ಮೂಲೆಮನೆಯ ಹೊಸ ಸೊಸೆಯದು ಹೆದರಿ ಹೆದರಿ ಕೆಮ್ಮುವ ಕೆಮ್ಮು. ನಮ್ಮ ದೊಡ್ಡಮ್ಮನದು ಎಲ್ಲರಿಗಿಂತ ಜೋರು. ಅದು ಕೇಳಿಸಿತೆಂದರೆ ಅವತ್ತಿನ ಕಲಾಪ ಮುಗಿಯಿತು ಅಂತ ಅರ್ಥ. ಈಗ ನಾನಿರುವ ಕಡೆ ಬೆಳಗ್ಗೆ ಎಷ್ಟು ಮೌನವೆಂದರೆ, ಒಂದೊಂದು ದಿನ ಎದ್ದು ಕೂತು ಕಿವಿಗೊಡುತ್ತೇನೆ. ಕೆಮ್ಮು ಕೇಳಬೇಕೆಂದು ಕಾಯುವ ಹುಚ್ಚಿ ಎಂದು ನೀವು ನಗಬಹುದು. ನಗಿ. ಆ ಸದ್ದಿಲ್ಲದೆ ನನಗೆ ಬೆಳಗಾದ ಹಾಗೇ ಅನ್ನಿಸುವುದಿಲ್ಲ.

ಓಣಿಯವರೆಲ್ಲ ದುಡಿಯುತ್ತಿದ್ದದ್ದು ಕಂಬಳಿ ಗಿರಣಿಯಲ್ಲಿ. ಕಂಬಳಿ ಅಂದರೆ ಹೊಸ ಉಣ್ಣೆಯದು ಅಂತ ತಿಳಿಯಬೇಡಿ. ಎಲ್ಲೆಲ್ಲಿಂದಲೋ ಮೂಟೆಗಟ್ಟಲೆ ಬರುವ ಹಳೆ ಬಟ್ಟೆಯನ್ನು ಹಲ್ಲಿನ ಯಂತ್ರಕ್ಕೆ ಕೊಟ್ಟು, ಚಿಂದಿ ಮಾಡಿ, ಚಿಂದಿಯನ್ನು ಮತ್ತೆ ನಾರು ಮಾಡಿ, ಆ ನಾರಿನಲ್ಲಿ ನೇಯ್ದ ಕಂಬಳಿ. ದೊಡ್ಡಮ್ಮ ಇದ್ದದ್ದು ಚಿಂದಿ ಕೋಣೆಯಲ್ಲಿ. ಅಲ್ಲಿ ಎದುರಿಗೆ ನಿಂತವರ ಮುಖ ಕಾಣದಷ್ಟು ಧೂಳು. ಸಂಜೆ ಅವಳು ಮನೆಗೆ ಬಂದಾಗ ಅವಳ ಕಣ್ಣಿನ ರೆಪ್ಪೆ ನೋಡಿ ಅವತ್ತು ಯಾವ ಬಣ್ಣದ ಬಟ್ಟೆ ಬಂದಿತ್ತು ಅಂತ ನಾನು ಹೇಳುತ್ತಿದ್ದೆ. ನೀಲಿ ರೆಪ್ಪೆ, ಕೆಂಪು ರೆಪ್ಪೆ, ಒಮ್ಮೆ ಯಾವುದೋ ನಾಟಕದ ಕಂಪನಿಯ ಪರದೆಗಳು ಬಂದಾಗ ಚಿನ್ನದ ಬಣ್ಣದ ರೆಪ್ಪೆ. "ನೋಡೇ, ಮಹಾರಾಣಿ ಬಂದಿದ್ದೀನಿ, ಕಾಲಿಗೆ ನೀರು ತಗೊಂಡ್ ಬಾ" ಎಂದು ಅವತ್ತು ಹೊಸ್ತಿಲ ಮೇಲೆ ಸೊಂಟಕ್ಕೆ ಕೈ ಇಟ್ಟು ನಿಂತಿದ್ದಳು.

ಕೆಮ್ಮುಕಟ್ಟೆಗೆ ಕಾರಣ ಗೇಟಿನ ಜಮಾದಾರ. ಬೆತ್ತ ಹಿಡಿದು ನಿಂತಿರುತ್ತಿದ್ದ. ಒಬ್ಬೊಬ್ಬರನ್ನೂ ಎದುರಿಗೆ ನಿಲ್ಲಿಸಿ, "ಕೆಮ್ಮು ಇದೆಯಾ?" ಎಂದು ಕೇಳುವನು. "ಇಲ್ಲ ಸಾರ್" ಎನ್ನಬೇಕು. ಅಷ್ಟಕ್ಕೇ ಬಿಡುವ ಆಸಾಮಿಯಲ್ಲ; ಸ್ವಲ್ಪ ಹೊತ್ತು ಸುಮ್ಮನೆ ಮುಖವನ್ನೇ ನೋಡುತ್ತಾ ನಿಲ್ಲುವನು. ಆ ಹೊತ್ತಿನಲ್ಲಿ ಗಂಟಲು ಕೊಂಚ ಕೆರೆದರೂ ಮುಗಿಯಿತು. "ಮನೆಗೆ ಹೋಗು, ಆರಾಮಾಗಿ ಮಲ್ಕೋ" ಎಂದು ಬೆತ್ತದಲ್ಲಿ ದಾರಿ ತೋರಿಸುವನು. ಹಾಗೆ ಮಲಗಲು ಹೋದವರನ್ನು ಮತ್ತೆ ಕೆಲಸಕ್ಕೆ ಕರೆದದ್ದು ನಾನು ಕಾಣೆ. ಕೆಮ್ಮು ಹತ್ತಿಸುವುದೂ ಗಿರಣಿಯೇ, ಕೆಮ್ಮಿದರೆ ಕತ್ತು ಹಿಡಿದು ಆಚೆ ಹಾಕುವುದೂ ಗಿರಣಿಯೇ. ಇದರಲ್ಲಿ ವಿಚಿತ್ರವೇನಾದರೂ ಇದೆ ಎಂದು ಆಗ ಯಾರಿಗೂ ಹೊಳೆದಿರಲಿಲ್ಲ. ಮಳೆ ಬಂದರೆ ನೆನೆಯುತ್ತೇವೆ ಅನ್ನುವ ಹಾಗೆ ಇತ್ತು ಅದು.

ಅದಕ್ಕೇ ಓಣಿಯಲ್ಲಿ ಕೆಮ್ಮು ನುಂಗುವುದನ್ನು ಒಂದು ವಿದ್ಯೆಯ ಹಾಗೆ ಕಲಿಯುತ್ತಿದ್ದರು. ಮೊದಲು ಕಟ್ಟೆಯ ಹತ್ತಿರ ಪೂರಾ ಕೆಮ್ಮಿ ಎದೆ ಖಾಲಿ ಮಾಡಿಕೊಳ್ಳಬೇಕು. ಆಮೇಲೆ ದವಡೆಯಲ್ಲಿ ಒಂದು ಲವಂಗ. ನಾಲಿಗೆಯ ತುದಿಯನ್ನು ಅಂಗುಳಕ್ಕೆ ಒತ್ತಿ, ಹೊಟ್ಟೆ ಒಳಗೆಳೆದು, ಮೂಗಿನಿಂದ ಸಣ್ಣಗೆ ಉಸಿರು. ಕೆಮ್ಮು ಬಂತು ಅನ್ನಿಸಿದಾಗ ಉಗುಳು ನುಂಗಿ ಬೇರೇನಾದರೂ ಯೋಚನೆ ಮಾಡಬೇಕು. ಈ ವಿದ್ಯೆಯಲ್ಲಿ ದೊಡ್ಡಮ್ಮನನ್ನು ಮೀರಿಸಿದವರಿರಲಿಲ್ಲ. ಗಿರಣಿಗೆ ಹೊಸದಾಗಿ ಸೇರುವವರನ್ನು ಅವರ ಮನೆಯವರು ಮೊದಲು ನಮ್ಮ ಮನೆಗೆ ಕರೆತರುತ್ತಿದ್ದರು. ದೊಡ್ಡಮ್ಮ ಅವರನ್ನು ಸ್ಟೂಲಿನ ಮೇಲೆ ಕೂರಿಸಿ, ಮೂಗಿನ ಹತ್ತಿರ ಹಳೆ ಚೀಲ ಕೊಡವಿ, "ಈಗ ನುಂಗು ನೋಡೋಣ" ಎನ್ನುವಳು. ಕೆಮ್ಮಿದರೆ ತಲೆಗೊಂದು ಮೊಟಕು. "ಯಾರ ನೆನಪು ಮಾಡ್ಕೊಂಡೆ? ಅತ್ತೆದಾ? ಅದಕ್ಕೇ ಕೆಮ್ಮು ಬಂದಿದ್ದು. ಗಂಡನ್ನ ನೆನೆಸ್ಕೋ, ಉಸಿರೇ ನಿಂತುಹೋಗುತ್ತೆ" ಎಂದು ಮೂಲೆಮನೆಯ ಸೊಸೆಗೆ ಹೇಳಿದಾಗ ಕೋಣೆ ತುಂಬ ನಗು. ಪಾಠಕ್ಕೆ ಅವಳು ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ, ಒಂದು ಹಿಡಿ ಲವಂಗ ಬಿಟ್ಟು.

ನನ್ನ ಅಮ್ಮನನ್ನು ನಾನು ನೋಡಿದ ನೆನಪಿಲ್ಲ. ಅವಳ ಅಕ್ಕನಾದ ದೊಡ್ಡಮ್ಮನೇ ನನ್ನನ್ನು ಸಾಕಿದಳು. ದೊಡ್ಡಪ್ಪ ಅನ್ನುವವನು ಹಡಗಿನ ಕೆಲಸಕ್ಕೆ ಹೋಗಿಬರುತ್ತೇನೆ ಎಂದು ಹೋದವನು ಹಡಗಿನ ಜೊತೆಗೇ ಇದ್ದುಬಿಟ್ಟ. "ಸಮುದ್ರಕ್ಕೆ ಉಪ್ಪು ಕಮ್ಮಿ ಬಿದ್ದಿತ್ತಂತೆ, ಕರೆಸ್ಕೊಂಡ್ರು" ಎಂದು ಅವಳು ಕೇಳಿದವರಿಗೆ ಹೇಳುತ್ತಿದ್ದಳು. ನಮ್ಮ ಜೊತೆ ಮೂರನೆಯವನು ಮಾವ, ಅಮ್ಮನಿಗೂ ದೊಡ್ಡಮ್ಮನಿಗೂ ಕೊನೆಯ ತಮ್ಮ. ತಲೆ ತುಂಬ ಸುರುಳಿ ಸುರುಳಿ ಕೂದಲು. ಓಣಿಗೆಲ್ಲ ಅವನು ಗುಂಗುರು. ಅವನನ್ನೂ ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದವಳು ದೊಡ್ಡಮ್ಮನೇ, ಹಾಗಾಗಿ ಅವನು ಅವಳಿಗೆ ತಮ್ಮನೋ ಮಗನೋ ಅವಳಿಗೇ ಗೊತ್ತಿರಲಿಲ್ಲ. ಮೀಸೆ ಬಂದ ಮೇಲೂ ಅವನ ಕಿವಿ ಹಿಂಡುವಳು. ಅವನೂ ಕಿವಿ ಕೊಟ್ಟು ನಿಲ್ಲುವನು.

ಮಾವ ನಾರಿನ ಮೂಟೆ ಹೊರುವ ಕೆಲಸದಲ್ಲಿದ್ದ. ರಜೆಯ ದಿನ ಬಂತೆಂದರೆ ಕಿಟಕಿಯ ಹತ್ತಿರ ಕನ್ನಡಿ ನಿಲ್ಲಿಸಿ ಕೂದಲಿಗೆ ಎಣ್ಣೆ ಹಚ್ಚಿ ಬಾಚುವುದೇ ಅರ್ಧ ದಿನ. ನಾನು ಹಿಂದೆ ನಿಂತು ಕೂದಲಿನೊಳಗೆ ಸಿಕ್ಕಿಕೊಂಡ ಬಣ್ಣ ಬಣ್ಣದ ನಾರನ್ನು ಹೆಕ್ಕಿ ತೆಗೆಯುತ್ತಿದ್ದೆ. ದೊಡ್ಡಮ್ಮ ಒಲೆಯ ಮುಂದೆ ಕೂತು, "ಹೆಕ್ಕು ಹೆಕ್ಕು, ಅಷ್ಟರಲ್ಲೇ ನಿಂಗೊಂದು ಸ್ವೆಟರ್ ಆಗುತ್ತೆ" ಎನ್ನುತ್ತಿದ್ದಳು. ಒಂದೇ ಕೋಣೆ. ಗೋಡೆಗೆ ಒರಗಿಸಿದ ಒಂದು ಮಂಚ, ಹಗ್ಗದ ಮೇಲೆ ಒಣಗುವ ಬಟ್ಟೆ, ಕುದಿಯುವ ಟೀ. ಮಾವ ಮೂಟೆ ಹೊರುವವರ ಜಗಳಗಳನ್ನು ಒಬ್ಬನೇ ಎಲ್ಲರ ದನಿಯಲ್ಲೂ ಆಡಿ ತೋರಿಸುವನು. ನಗುತ್ತಾ ನಗುತ್ತಾ ಅವನಿಗೇ ಉಸಿರು ಸಿಕ್ಕಿಕೊಂಡು, ಎದೆಯೊಳಗೆ ಏನೋ ಕುಯ್ ಕುಯ್ ಎನ್ನುತ್ತಿತ್ತು. ನಾನು ಅವನ ಎದೆಗೆ ಕಿವಿ ಇಟ್ಟು ಕೇಳುತ್ತಿದ್ದೆ. "ಬೆಕ್ಕಿನ ಮರಿ ಸಾಕಿದ್ದೀನಿ, ಯಾರಿಗೂ ಹೇಳ್ಬೇಡ" ಎನ್ನುವನು. ನಾನು ನಂಬಿದ್ದೆ. ಅಷ್ಟು ಸುಖವಾಗಿ ನಾನು ಆಮೇಲೆ ಯಾವ ಮನೆಯಲ್ಲೂ ಇರಲಿಲ್ಲ.

ಆಗ ಯುದ್ಧ ಬಂತು. ಎಲ್ಲೋ ದೂರದಲ್ಲಿ ಯಾರು ಯಾರಿಗೋ ಹುಟ್ಟಿದ ಜಗಳ. ಮೊದಮೊದಲು ಓಣಿಯಲ್ಲಿ ಸಂತೋಷವೇ, ಯಾಕೆಂದರೆ ಸೈನ್ಯಕ್ಕೆ ಕಂಬಳಿ ಬೇಕಾಯಿತು. ಗಿರಣಿ ಹಗಲೂ ರಾತ್ರಿ ಓಡಿತು. ಓಣಿಯವರ ರೆಪ್ಪೆಗಳೆಲ್ಲ ಒಂದೇ ಬಣ್ಣಕ್ಕೆ ಬಂದವು, ಮಣ್ಣಿನ ಬಣ್ಣ. ಸ್ವಲ್ಪ ದಿನಕ್ಕೆ ಕಂಬಳಿಯ ಜೊತೆ ಅದನ್ನು ಹೊದೆಯುವವರೂ ಬೇಕೆಂದು ಆಜ್ಞೆಯಾಯಿತು. ವಯಸ್ಸಿಗೆ ಬಂದ ಗಂಡಸರೆಲ್ಲ ಶಾಲೆಯ ಸಭಾಂಗಣಕ್ಕೆ ಬಂದು ಸೈನ್ಯದ ಡಾಕ್ಟರಿಗೆ ಮೈ ತೋರಿಸಬೇಕು. ಕಾಯಿಲೆಯವರಿಗೆ ವಿನಾಯಿತಿ ಉಂಟು.

ಗಿರಣಿ ಮಾಲೀಕರ ಮಗನಿಗೆ ವಿನಾಯಿತಿ ಎಲ್ಲರಿಗಿಂತ ಮೊದಲು ಸಿಕ್ಕಿತು. ದೊಡ್ಡ ಆಸ್ಪತ್ರೆಯ ದೊಡ್ಡ ಡಾಕ್ಟರು ಅವನ ಹೃದಯ ತುಂಬ ಮೆತ್ತಗಿದೆ ಎಂದು ಬರೆದುಕೊಟ್ಟಿದ್ದರು. ಅವನು ದಿನಾ ಸಂಜೆ ಗಿರಣಿಯ ಹಿಂದಿನ ಮೈದಾನದಲ್ಲಿ ಕುದುರೆಯ ಹಾಗೆ ಚೆಂಡಿನ ಹಿಂದೆ ಓಡುವುದನ್ನು ಚಿಂದಿ ಕೋಣೆಯ ಕಿಟಕಿಯಿಂದ ಎಲ್ಲರೂ ನೋಡುತ್ತಿದ್ದರು. "ಪಾಪ, ಮೆತ್ತಗಿನ ಹೃದಯ, ಬಿಸಿಲಲ್ಲಿ ಕರಗೀತು" ಎಂದು ದೊಡ್ಡಮ್ಮ ಕನಿಕರಪಟ್ಟಳು. ಅದರಿಂದ ಅವಳಿಗೊಂದು ಧೈರ್ಯವೂ ಬಂತು. ಇಲ್ಲದ ಕಾಯಿಲೆಗೇ ವಿನಾಯಿತಿ ಇದೆ ಅಂದ ಮೇಲೆ ಇರುವ ಕಾಯಿಲೆಗೆ ಇಲ್ಲದೆ ಹೋದೀತೇ ಎಂಬುದು ಅವಳ ಲೆಕ್ಕ.

"ಈ ಹಾಳು ಕೆಮ್ಮು ಇಷ್ಟು ವರ್ಷಕ್ಕೆ ಒಂದು ಕೆಲಸಕ್ಕೆ ಬಂತು ನೋಡೋ" ಎಂದು ಅವಳು ಮಾವನನ್ನು ಅದೇ ಸ್ಟೂಲಿನ ಮೇಲೆ ಕೂರಿಸಿದಳು. ಇಷ್ಟು ದಿನ ನುಂಗುವುದನ್ನು ಕಲಿಸಿದವಳು ಈಗ ಕೆಮ್ಮುವುದನ್ನು ಕಲಿಸಲು ಕೂತಳು. "ಡಾಕ್ಟ್ರು ಹತ್ರ ಬಂದ ತಕ್ಷಣ ಶುರು ಮಾಡ್ಬೇಕು. ಬಾಯ್ತುಂಬ ಕೆಮ್ಮು. ನಾಚ್ಕೋಬೇಡ." ಮಾವ ಮನೆಯಲ್ಲಿ ಎಷ್ಟು ಚೆನ್ನಾಗಿ ಕೆಮ್ಮಿ ತೋರಿಸಿದನೆಂದರೆ ಪಕ್ಕದ ಮನೆಯವರು ಬಾಗಿಲು ತಟ್ಟಿ, ನೀರು ಬೇಕೇನು ಎಂದು ಕೇಳಿದರು. ದೊಡ್ಡಮ್ಮನಿಗೆ ಸಮಾಧಾನವಾಯಿತು. ಹೊರಡುವ ದಿನ ಬೆಳಗ್ಗೆ ಕೆಮ್ಮುಕಟ್ಟೆಯ ಹತ್ತಿರ ನಿಲ್ಲದೆ ಸೀದಾ ಹೋಗು, ಎದೆ ಖಾಲಿ ಮಾಡಿಕೊಂಡು ಬಿಟ್ಟೀಯೆ ಎಂದು ತಾನೇ ತಿರುವಿನ ತನಕ ಕಾವಲು ಹೋದಳು.

ಶಾಲೆಯಲ್ಲಿ ಏನಾಯಿತು ಅನ್ನುವುದನ್ನು ಮಾವನೇ ಆಮೇಲೆ ಎಷ್ಟೋ ಸಲ ಹೇಳಿದ್ದಾನೆ. ಅಂಗಿ ಬಿಚ್ಚಿದ ಗಂಡಸರ ಸಾಲು. ಸಾಲಿನ ಪಕ್ಕದಲ್ಲಿ ಕೋಲು ಹಿಡಿದ ಒಬ್ಬ ಸಿಪಾಯಿ. ಮುಂದೆ ಮೇಜು, ಮೇಜಿನ ಹಿಂದೆ ಡಾಕ್ಟರು. ಮಾವನ ಸರದಿ ಬಂತು. ಡಾಕ್ಟರು ತಲೆ ಎತ್ತಿ ಅವನ ಹೆಗಲು ನೋಡಿದರು. ಮೂಟೆ ಹೊತ್ತ ಹೆಗಲು, ಗಟ್ಟಿಮುಟ್ಟಾಗಿಯೇ ಇತ್ತು.

"ಕೆಮ್ಮು ಇದೆಯಾ?" ಎಂದರು.

"ಇಲ್ಲ ಸಾರ್" ಎಂದಿತು ಮಾವನ ಬಾಯಿ.

ಹೇಳಿದ ಮೇಲೆಯೇ ಅವನಿಗೆ ತಾನು ಏನೆಂದೆ ಅನ್ನುವುದು ತಿಳಿದದ್ದು. ಸರಿ, ಈಗಲಾದರೂ ಕೆಮ್ಮೋಣ ಎಂದರೆ ನಾಲಿಗೆ ತಾನಾಗಿಯೇ ಹೋಗಿ ಅಂಗುಳಕ್ಕೆ ಅಂಟಿಕೊಂಡಿದೆ. ಹೊಟ್ಟೆ ತಾನಾಗಿಯೇ ಒಳಗೆ ಹೋಗಿದೆ. ಕೋಲಿನವನು ಮುಖವನ್ನೇ ನೋಡುತ್ತಿದ್ದಾನೆ. ಎದೆಯೊಳಗೆ ಕೆಮ್ಮು ಗುದ್ದಾಡುತ್ತಿದೆ, ಮೇಲೆ ಬರಲಾರದು. ಡಾಕ್ಟರು ಕೊಳವೆಯನ್ನು ಎದೆಗೆ ಮುಟ್ಟಿಸಿದಂತೆ ಮಾಡಿ, ತಲೆಯಾಡಿಸಿ, ಮುಂದಿನವನನ್ನು ಕರೆದರು. ಅವತ್ತು ನಮ್ಮ ಓಣಿಯಿಂದ ಹೋದ ಗಂಡಸರಲ್ಲಿ ಒಬ್ಬನೂ ಕೆಮ್ಮಲಿಲ್ಲ. ಎಲ್ಲರೂ ದೊಡ್ಡಮ್ಮನ ಶಿಷ್ಯರೇ.

ಸುದ್ದಿ ಕೇಳಿದಾಗ ದೊಡ್ಡಮ್ಮ ಚಿಂದಿ ಕೋಣೆಯಲ್ಲಿದ್ದಳು. ಕೆಲಸದ ಮಧ್ಯೆ ಎದ್ದು ಹೋಗುವುದು ಅಂದರೆ ಸಣ್ಣ ಮಾತಲ್ಲ. ಅವಳು ಜಮಾದಾರನನ್ನು ಪಕ್ಕಕ್ಕೆ ತಳ್ಳಿ, ರೆಪ್ಪೆಯ ಧೂಳೂ ಒರೆಸಿಕೊಳ್ಳದೆ ಶಾಲೆಗೆ ನುಗ್ಗಿದಳಂತೆ. "ಅವನ ಎದೆ ತೂತು ಬಿದ್ದಿದೆ ಡಾಕ್ಟ್ರೇ! ಕೆಮ್ಮಿದೆ, ಚಿಕ್ಕಂದಿನಿಂದ ಇದೆ, ನುಂಗಿದ್ದಾನೆ ಅಷ್ಟೆ! ನುಂಗೋದು ಕಲಿಸಿದ್ದೇ ನಾನು. ಬೇಕಾದ್ರೆ ಅವನನ್ನ ಓಡಿಸಿ ನೋಡಿ, ಮೆಟ್ಟಿಲು ಹತ್ತಿಸಿ ನೋಡಿ!" ಸಭಾಂಗಣದ ಗಂಡಸರೆಲ್ಲ ಅಂಗಿ ಹುಡುಕಿಕೊಂಡರು. ಡಾಕ್ಟರು ನಕ್ಕುಬಿಟ್ಟರು. "ಎಲ್ಲಾ ಅಕ್ಕಂದಿರೂ ಇದೇ ಹೇಳ್ತಾರಮ್ಮ. ನಿನ್ನ ತಮ್ಮನ ಎದೆ ಗಂಟೆ ಇದ್ದಂಗಿದೆ, ಹೋಗು" ಎಂದರು. ಅವಳು ಹೋಗಲಿಲ್ಲ. ಮೇಜು ಗುದ್ದಿದಳು, ಶಾಯಿ ಚೆಲ್ಲಿತು, ಡಾಕ್ಟರ ತೋಳು ಶಾಯಿಮಯವಾಯಿತು. ಕೊನೆಗೆ ಸಿಪಾಯಿಗಳು ಅವಳನ್ನು ಎತ್ತಿಕೊಂಡು ಹೋಗಿ ರಸ್ತೆಯಲ್ಲಿ ಬಿಟ್ಟರು. ಗಿರಣಿಗೆ ಆಗ ಕೈಗಳು ಸಾಲುತ್ತಿರಲಿಲ್ಲ, ಹಾಗಾಗಿ ಅವಳ ಕೆಲಸ ಉಳಿಯಿತು. ಓಣಿಯವರು ಆ ಶಾಯಿಯ ಕಥೆಯನ್ನು ಬಹಳ ದಿನ ಹೇಳಿ ಹೇಳಿ ನಕ್ಕರು. ಅವಳೂ ನಕ್ಕಳು, ಬೇರೆ ದಾರಿ ಇರಲಿಲ್ಲ.

ಮಾವನ ಗುಂಗುರು ಕೂದಲು ಬೋಳಿಸಿ, ದೊಗಳೆ ಸಮವಸ್ತ್ರ ತೊಡಿಸಿ ಕರೆದುಕೊಂಡು ಹೋದರು. ಹೊರಡುವ ಮುಂಚೆ ದೊಡ್ಡಮ್ಮ ಅವನ ಅಂಗಿಯ ಕಾಲರಿನ ಒಳಗೆ ಹಳದಿ ದಾರದಲ್ಲಿ ಒಂದು ಸಾಲು ಹೊಲಿಗೆ ಹಾಕಿದಳು. ಯಾಕೆ ಎಂದು ಕೇಳಿದ್ದಕ್ಕೆ, ಅಗಸರ ಹತ್ತಿರ ಬದಲಾದರೆ ಗೊತ್ತಾಗಲಿ ಎಂದಳು. ನಿಜ ಕಾರಣ ನನಗೆ ತಿಳಿದದ್ದು ಎಷ್ಟೋ ದಿನದ ಮೇಲೆ, ಅವಳ ಜೊತೆ ಕೆಲಸ ಮಾಡುತ್ತಿದ್ದ ಹೆಂಗಸೊಬ್ಬಳಿಂದ. ಯುದ್ಧಭೂಮಿಯಿಂದ ಸತ್ತವರ, ಗಾಯಗೊಂಡವರ ಬಟ್ಟೆಗಳು ಮೂಟೆ ಕಟ್ಟಿ ನಮ್ಮ ಗಿರಣಿಗೇ ಬರಲು ಶುರುವಾಗಿದ್ದವು. ಯಂತ್ರಕ್ಕೆ ಕೊಡುವ ಮುಂಚೆ ಅದರ ಗುಂಡಿಗಳನ್ನು ಕತ್ತರಿಸಬೇಕು. ಆ ಮೇಜಿನಲ್ಲಿ ಕೂರಲು ಯಾರಿಗೂ ಮನಸ್ಸಿರಲಿಲ್ಲ. ದೊಡ್ಡಮ್ಮ ತಾನಾಗಿಯೇ ಕೇಳಿ ಹಾಕಿಸಿಕೊಂಡಿದ್ದಳು. ಒಂದೊಂದು ಅಂಗಿ ಎತ್ತಿದಾಗಲೂ ಮೊದಲು ಕಾಲರು ಮಗುಚಿ ನೋಡುವಳಂತೆ, ಆಮೇಲೆ ಗುಂಡಿ. ಸಂಜೆ ಮನೆಗೆ ಬಂದು ನನ್ನ ತಲೆ ಬಾಚುತ್ತಾ, ಇವತ್ತು ಏನೂ ವಿಶೇಷವಿಲ್ಲ ಎನ್ನುವಳು. ಆ ಮಾತಿನ ಬೆಲೆ ನನಗೆ ಆಗ ಗೊತ್ತಾಗಲಿಲ್ಲ.

ಮಾವ ವಾಪಸ್ಸು ಬಂದ. ಎರಡು ಕೈ, ಎರಡು ಕಾಲು ಸಮೇತ ಬಂದ. ಓಣಿಯ ಹೆಂಗಸರೆಲ್ಲ ದೊಡ್ಡಮ್ಮನ ಗಲ್ಲ ಹಿಡಿದು, ಪುಣ್ಯ ಮಾಡಿದ್ದೆ ಕಣೇ ಎಂದರು. ಅವಳೂ ಹಿಗ್ಗಿ ಹೀರೇಕಾಯಿಯಾದಳು. ಅವನು ಮನೆಯ ಮುಂದಿನ ಮೆಟ್ಟಿಲು ಹತ್ತಲು ಕಾಲಿಟ್ಟಾಗಲೇ ಅವಳ ಮುಖ ಬಿದ್ದುಹೋದದ್ದು. ಒಂದು ಮೆಟ್ಟಿಲು ಹತ್ತುವನು, ನಿಲ್ಲುವನು, ಕಂಬಿ ಹಿಡಿದು ಬಾಯಿ ತೆರೆದು ಗಾಳಿಗಾಗಿ ತಡಕಾಡುವನು. ಕೆಸರು ತುಂಬಿದ ಹಳ್ಳದಲ್ಲಿ ಚಳಿಗಾಲ ಕಳೆದಿದ್ದ, ಯಾವ ಯಾವುದೋ ಹೊಗೆ ಕುಡಿದಿದ್ದ. ಗಿರಣಿ ಅರ್ಧ ತಿಂದಿದ್ದ ಎದೆಯನ್ನು ಯುದ್ಧ ಪೂರ್ತಿ ತಿಂದು ಕಳಿಸಿತ್ತು. ಆದರೂ ಒಳಗೆ ಬಂದು ಮಂಚದ ಮೇಲೆ ಕೂತು ಅವನು ಆಡಿದ ಮೊದಲ ಮಾತು ಏನು ಗೊತ್ತೇ? "ಅಕ್ಕಾ, ಅಲ್ಲೂ ನಿನ್ನನ್ನೇ ಹೊದ್ಕೊಂಡಿದ್ದೆ ಕಣೆ. ನಮ್ಮ ಗಿರಣಿ ಕಂಬಳಿನೇ ಕೊಟ್ಟಿದ್ರು. ಕೊಡವಿದ್ರೆ ಸಾಕು, ನಮ್ಮ ಮನೆ ವಾಸನೆ." ನಾವು ಮೂವರೂ ನಕ್ಕೆವು. ನಗು ಮುಗಿದು ಅವನ ಉಸಿರು ತಹಬಂದಿಗೆ ಬರುವುದರೊಳಗೆ ಟೀ ಆರಿ ತಣ್ಣಗಾಯಿತು.

ಇನ್ನು ಅವನಿಗೆ ಬೇಕಾಗಿದ್ದದ್ದು ಒಂದೇ ಒಂದು ಹಾಸಿಗೆ. ಊರಾಚೆಯ ಗುಡ್ಡದ ಮೇಲೆ ಸೈನಿಕರ ಆಸ್ಪತ್ರೆ ಇತ್ತು. ಒಳ್ಳೆಯ ಗಾಳಿ, ಔಷಧಿ, ಹಾಲು, ದೊಡ್ಡ ದೊಡ್ಡ ಕಿಟಕಿ. ಅಲ್ಲಿ ಸೇರಿದ ಎದೆಯ ರೋಗಿಗಳು ಬದುಕಿ ಎದ್ದುಬಂದದ್ದನ್ನು ನಾವು ಕಣ್ಣಾರೆ ಕಂಡಿದ್ದೆವು. ನಮ್ಮ ಧೂಳು ಮೆತ್ತಿದ ಕೋಣೆಯಲ್ಲಿ ಅವನು ಉಳಿಯುವುದಿಲ್ಲ ಎನ್ನುವುದೂ ನಮಗೆ ಗೊತ್ತಿತ್ತು. ದೊಡ್ಡಮ್ಮ ಮೊದಲು ಗಿರಣಿಯ ದವಾಖಾನೆಗೆ ಹೋದಳು. ಅಲ್ಲಿನ ಕಾಂಪೌಂಡರ್, "ಗಟ್ಟಿಮುಟ್ಟಾಗಿ ಯುದ್ಧಕ್ಕೆ ಹೋಗಿದ್ನಲ್ಲಮ್ಮ, ಸೈನ್ಯದ ಡಾಕ್ಟ್ರೇ ಪಾಸ್ ಮಾಡಿದಾರೆ. ಈ ಕಾಯಿಲೆ ಯುದ್ಧದ್ದು, ನಮ್ಮದಲ್ಲ" ಎಂದು ಕೈ ತೊಳೆದುಕೊಂಡ. ಸೈನಿಕರ ಆಸ್ಪತ್ರೆಯವರು, ಕಾಯಿಲೆ ಯುದ್ಧದಲ್ಲಿ ಬಂದದ್ದಾದರೆ ಹಾಸಿಗೆ ಉಂಟು, ಮೊದಲೇ ಇದ್ದದ್ದಾದರೆ ಇಲ್ಲ, ಪರೀಕ್ಷೆಗೆ ಬನ್ನಿ ಎಂದರು. ಪರೀಕ್ಷೆ ಅದೇ ಶಾಲೆಯ ಸಭಾಂಗಣದಲ್ಲಿ.

ಈ ಸಲ ದೊಡ್ಡಮ್ಮನ ಪಾಠ ಬಹಳ ಚಿಕ್ಕದು. "ಮುಂಚೆ ಕೆಮ್ಮಿತ್ತಾ ಅಂತ ಕೇಳ್ತಾರೆ. ಇಲ್ಲ ಅನ್ನು. ನಿಂಗೆ ಅದು ಬಾಯಿಪಾಠ." ಓಣಿಯವರೂ ಮಾತು ಕೊಟ್ಟರು. ಕೇಳಿದರೆ, ಗುಂಗುರು ಹುಟ್ಟಿದಾಗಿನಿಂದ ಒಂದು ಸಲವೂ ಕೆಮ್ಮಿದವನಲ್ಲ ಎಂದು ಹೇಳಲು ಬಣ್ಣದ ಕೆಲಸದವನು ಸಿದ್ಧನಾಗಿದ್ದ. ಮಾವ ನನ್ನ ಹೆಗಲ ಮೇಲೆ ಕೈ ಹಾಕಿ ನಿಂತು ನಿಂತು ನಡೆದ. ಅವನ ಕೂದಲು ಮತ್ತೆ ಬೆಳೆದು ಕಿವಿಯ ಹತ್ತಿರ ಸುರುಳಿಯಾಗಿತ್ತು. ದೊಡ್ಡಮ್ಮ ದಾರಿಯಲ್ಲೇ ಉಗುಳು ಹಚ್ಚಿ ಅದನ್ನು ನೀವಿ ಕೂರಿಸಿದಳು.

ಒಳಗೆ ಹೋಗಿ ನೋಡುತ್ತೇವೆ, ಮೇಜಿನ ಹಿಂದೆ ಅದೇ ಡಾಕ್ಟರು. ದೊಡ್ಡಮ್ಮ ಸೆರಗು ಮುಖಕ್ಕೆ ಎಳೆದುಕೊಂಡಳು. ಡಾಕ್ಟರು ಈ ಸಲ ಮಾವನ ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು, ಬೆನ್ನಿಗೂ ಇಟ್ಟು ಕೇಳಿದರು. ಅವರ ಮುಖದಲ್ಲಿ ನಗು ಇರಲಿಲ್ಲ. ಹಾಸಿಗೆ ಬೇಕು, ನಿಜ ಎಂದರು. ನನ್ನ ಎದೆ ಹಗುರವಾಯಿತು. ಆಗ ಅವರ ಕಣ್ಣು ದೊಡ್ಡಮ್ಮನ ಮೇಲೆ ಬಿತ್ತು.

"ನೀನೇ ಅಲ್ವೇನಮ್ಮ ನನ್ನ ಅಂಗಿಗೆ ಶಾಯಿ ಚೆಲ್ಲಿದವಳು?"

ಅವಳು ಸೆರಗನ್ನು ಇನ್ನಷ್ಟು ಕೆಳಗೆ ಎಳೆದುಕೊಂಡಳು.

"ನೀನೇ. ಚಿಕ್ಕಂದಿನಿಂದ ಕೆಮ್ಮಿದೆ ಅಂತ ಮೇಜು ಗುದ್ದಿ ಗುದ್ದಿ ಹೇಳಿದ್ದೆ. ಅಷ್ಟು ಗಲಾಟೆ ಇನ್ಯಾರೂ ಮಾಡಿರಲಿಲ್ಲ, ಹೇಗೆ ಮರೀಲಿ?" ಎಂದರು ಡಾಕ್ಟರು. "ಅಂದ್ರೆ ಕಾಯಿಲೆ ಮೊದಲೇ ಇತ್ತು."

ನಿಜ ಹೇಳಿದ್ದಳು ಅವಳು. ನಂಬಿದ್ದರೆ ಅವನು ಯುದ್ಧಕ್ಕೆ ಹೋಗುತ್ತಿರಲಿಲ್ಲ. ಆಗ ಯಾರೂ ನಂಬಲಿಲ್ಲ. ನಂಬದಿದ್ದರೆ ಅವನು ಬದುಕುವ ದಿನ ಬಂದಾಗ ಅದೇ ಮನುಷ್ಯ ಅದೇ ಮಾತನ್ನು ನಂಬಿ ಕೂತಿದ್ದ. ಇವತ್ತಿಗೂ ಅದನ್ನು ನೆನೆಸಿಕೊಂಡರೆ ನನ್ನ ಮೈ ಉರಿಯುತ್ತದೆ.

ದೊಡ್ಡಮ್ಮ ಸೆರಗು ಸರಿಸಿ ಮುಂದೆ ಬಂದಳು. "ಅವತ್ತು ಸುಳ್ಳು ಹೇಳಿದೆ ಸಾಹೇಬ್ರೇ. ತಮ್ಮನ್ನ ಉಳಿಸ್ಕೊಳ್ಳೋಕೆ ಸುಳ್ಳು ಹೇಳಿದೆ. ಅವನಿಗೆ ಏನೂ ಇರಲಿಲ್ಲ. ನೀವೇ ನೋಡಿ ಪಾಸ್ ಮಾಡಿದ್ರಲ್ಲ, ನಿಮ್ಮ ಕೈ ತಪ್ಪುತ್ತಾ?" ಎಷ್ಟು ಚೆನ್ನಾಗಿ ಹೇಳಿದಳೆಂದರೆ ನನಗೇ ಒಂದು ಗಳಿಗೆ ನಿಜ ಯಾವುದು ಎಂದು ಅನುಮಾನ ಬಂತು.

ಡಾಕ್ಟರು ಕುರ್ಚಿಗೆ ಒರಗಿದರು. "ಸುಳ್ಳು ಹೇಳಿ ಸೈನ್ಯದಿಂದ ತಪ್ಪಿಸೋಕೆ ನೋಡೋದು ಅಪರಾಧ, ಗೊತ್ತಾ ನಿಂಗೆ? ಅದಕ್ಕೆ ಜೈಲಿದೆ."

"ಹಾಕಿ. ಅವನನ್ನ ಹಾಸಿಗೆಗೆ ಹಾಕಿ, ನನ್ನ ಜೈಲಿಗೆ ಹಾಕಿ."

ಡಾಕ್ಟರು ಅವಳನ್ನೇ ನೋಡಿದರು. ಆಮೇಲೆ ಬಾಗಿಲ ಹತ್ತಿರ ನಿಂತಿದ್ದ ಸಿಪಾಯಿಗೆ ಹತ್ತಿರ ಬರುವಂತೆ ಸನ್ನೆ ಮಾಡಿ, ಆಸ್ಪತ್ರೆಯ ಚೀಟಿ ಎಳೆದುಕೊಂಡು ಪೆನ್ನಿನ ಮುಚ್ಚಳ ತೆಗೆದರು. ದೊಡ್ಡಮ್ಮ ಬಳೆಗಳನ್ನು ತೆಗೆದು ನನ್ನ ಕೈಗೆ ಕೊಟ್ಟು, "ಬಾಗಿಲು ಹಾಕ್ಕೊಂಡಿರು, ಬಣ್ಣದ ಕೆಲಸದವರ ಮನೇಲಿ ಊಟ ಮಾಡು" ಎಂದಳು. ಅವಳ ಮುಖದಲ್ಲಿ ಎಂಥ ನೆಮ್ಮದಿ ಇತ್ತು ಎಂದರೆ, ನಾನು ಅಳುವುದನ್ನೂ ಮರೆತೆ.

"ಕೆಮ್ಮು ಇತ್ತು ಸಾರ್" ಎಂದ ಮಾವ.

ದೊಡ್ಡಮ್ಮ ಅವನ ಬಾಯಿ ಮುಚ್ಚಲು ಹೋದಳು. ಅವನು ಅವಳ ಕೈ ಹಿಡಿದುಕೊಂಡ. "ನಮ್ಮಕ್ಕ ಅವತ್ತು ಹೇಳಿದ್ದು ನಿಜ. ಇವತ್ತು ಹೇಳಿದ್ದು ಸುಳ್ಳು. ಅವಳನ್ನ ಬಿಡಿ ಸಾರ್. ಯುದ್ಧಕ್ಕೆ ಹೋಗೋಕೆ ಮುಂಚೇನೇ ಇತ್ತು" ಎಂದು ನಿಲ್ಲಿಸಿ ನಿಲ್ಲಿಸಿ, ಪೂರ್ತಿ ಹೇಳಿದ. ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು. ಅವರಿಗೂ ಸಂಕಟವಾಯಿತು ಎಂದು ಬರೆಯಬೇಕೆಂದು ನನಗೆ ಆಸೆ ಇದೆ. ಆಗಿರಬಹುದು. ಆದರೆ ಮುಂದಿನವನನ್ನು ಕರೆದರು.

ದಾರಿಯುದ್ದಕ್ಕೂ ದೊಡ್ಡಮ್ಮ ಮುಂದೆ ಮುಂದೆ ನಡೆದಳು. ಓಣಿಯ ತಿರುವಿನಲ್ಲಿ ಮಾವ ಸುಸ್ತಾಗಿ ಕೂತಾಗ ಅವನ ಕೆನ್ನೆಗೆ ಒಂದು ಬಿಟ್ಟಳು. ಕಿವಿ ಹಿಂಡಿದವಳೇ ಹೊರತು ಅವಳು ಅವನಿಗೆ ಹೊಡೆದದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ಒಂದು ಸುಳ್ಳು ಹೇಳೋಕೆ ಬರಲ್ವೇನೋ ನಿಂಗೆ?" ಎಂದು ಕೇಳಿ, ಹೊಡೆದ ಕೆನ್ನೆಯನ್ನೇ ಸೆರಗಿನಿಂದ ಒರೆಸಿದಳು. ಮಾವ ನಗಲು ನೋಡಿದ. "ಆ ಹಾಸಿಗೆ ಮೇಲೆ ನಂಗೆ ನಿದ್ದೆ ಬರ್ತಿರಲಿಲ್ಲ ಬಿಡಕ್ಕಾ" ಎಂದ.

ಮುಂದಿನ ಚಳಿ ಶುರುವಾಗುವ ಹೊತ್ತಿಗೆ ಅವನು ಹೋದ. ಕಿಟಕಿಯ ಹತ್ತಿರ, ಬೆಳಗಿನ ಬಿಸಿಲಿನಲ್ಲಿ, ನಾನು ಅವನ ತಲೆ ಬಾಚುತ್ತಿದ್ದಾಗ. ದೊಡ್ಡಮ್ಮ ಗಿರಣಿಯಲ್ಲಿದ್ದಳು. ಮಣ್ಣು ಮಾಡಿ ಬಂದ ಮಾರನೆಯ ದಿನವೂ ಗಿರಣಿಗೆ ಹೋದಳು, ಅದರ ಮಾರನೆಯ ದಿನವೂ. ನನ್ನನ್ನು ಓದಿಸಿದಳು, ಮದುವೆ ಮಾಡಿದಳು, ಮೊಮ್ಮಕ್ಕಳಿಗೆ ಕಥೆ ಹೇಳಿ ನಗಿಸಿದಳು. ಜಮಾದಾರನ ಮಾತು ಬಂದರೆ ನಗುವಳು, ಮಾಲೀಕರ ಮಗನ ಮೆತ್ತಗಿನ ಹೃದಯದ ಮಾತು ಬಂದರೂ ನಗುವಳು. ಡಾಕ್ಟರನ್ನು ಬೈದದ್ದು ನಾನು ಕೇಳಿಲ್ಲ. ನನಗೆ ಅವರೆಲ್ಲರ ಮೇಲೆ ಇರುವ ಸಿಟ್ಟು ಈ ವಯಸ್ಸಿಗೂ ಇಳಿದಿಲ್ಲ, ಅವಳಿಗೆ ಮಾತ್ರ ಸಿಟ್ಟೆಲ್ಲ ಮಾವನ ಮೇಲೆ. ಕೊನೆಗಾಲದಲ್ಲಿ ಹಾಸಿಗೆ ಹಿಡಿದು ಮಲಗಿದ್ದಾಗ, ಮಧ್ಯಾಹ್ನ ನಾನು ಕಾಲು ಒತ್ತುತ್ತಾ ಕೂತಿದ್ದೆ. ನಿದ್ದೆ ಬಂದಿದೆ ಅಂದುಕೊಂಡಿದ್ದೆ. ಕಣ್ಣು ಮುಚ್ಚಿಕೊಂಡೇ ಹೇಳಿದಳು:

"ಡಾಕ್ಟ್ರು ಪೆನ್ನು ತೆಗೆದಾಗಿತ್ತು ಕಣೇ. ಸುಮ್ನೆ ಇದ್ದಿದ್ರೆ ಅವನು ಬದುಕ್ತಿದ್ದ. ಜೈಲಲ್ಲಿ ನಾನು ಎಷ್ಟು ಚೆನ್ನಾಗಿ ನಿದ್ದೆ ಮಾಡ್ತಿದ್ದೆ."